ಆಕಿಗೆ ಹೇಳ್ರಿ

ಈ ಸೀಮೆಯಲ್ಲಿ ಯಾರೂ ತಮ್ಮ ಕಾಯಿಲೆಯನ್ನು ತಾವೇ ಹೇಳಿಕೊಳ್ಳುವುದಿಲ್ಲ ಎಂಬುದು ‘ಕುಶಲ’ವನ್ನು ಕಟ್ಟಿದವರಿಗೆ ಗೊತ್ತಿರಲಿಲ್ಲ.

ಕುಶಲ ಎಂಬುದು ಫೋನಿನ ಆರೋಗ್ಯ ಸಹಾಯವಾಣಿ. ಅಪಘಾತ, ಹೆರಿಗೆ, ಹಾವಿನ ಕಡಿತ ಇಂಥವಕ್ಕೆ ಆಂಬುಲೆನ್ಸಿನ ನಂಬರು ಬೇರೆ ಇತ್ತು. ಕುಶಲ ಇದ್ದದ್ದು ಉಳಿದೆಲ್ಲಕ್ಕೆ. ಇಳಿಯದ ಜ್ವರ, ಮಾಯದ ಗಾಯ, ಗುಳಿಗೆಯನ್ನು ಉಂಡ ಮೇಲೆ ನುಂಗಬೇಕೋ ಉಣ್ಣುವ ಮೊದಲೋ ಎಂಬ ಅನುಮಾನ. ಗದಗಿನ ಹಳೆಯ ಹತ್ತಿ ಅಡತಿ ಅಂಗಡಿಯೊಂದರ ಮಹಡಿಯ ಮೇಲೆ ಅದರ ಕೋಣೆ. ನರ್ಸುಗಳು ಸಾಲಾಗಿ ಕೂತು ಕರೆಗಳನ್ನು ತೆಗೆದುಕೊಳ್ಳುತ್ತಿದ್ದರು. ಅವರ ಜೊತೆಗೆ ಒಂದು ಯಂತ್ರವೂ ಪ್ರತಿ ಕರೆಯನ್ನು ಕೇಳಿಸಿಕೊಳ್ಳುತ್ತಿತ್ತು. ಅದಕ್ಕೆ ಉದ್ದನೆಯ ಹೆಸರೊಂದು ಇತ್ತಾದರೂ ನರ್ಸುಗಳು ಕರೆಯುತ್ತಿದ್ದದ್ದು ‘ಕಿವಿ’ ಎಂದೇ.

ಕಿವಿಗೆ ಮಾತು ಬೇಕಿರಲಿಲ್ಲ, ದನಿ ಸಾಕಿತ್ತು. ಹೃದಯ ದಣಿದಾಗ ಶ್ವಾಸಕೋಶದಲ್ಲಿ ನೀರು ಒಸರುತ್ತದೆ, ಗಂಟಲಿನ ತಂತುಗಳು ಕೂದಲೆಳೆಯಷ್ಟು ದಪ್ಪವಾಗುತ್ತವೆ. ಆ ಮನುಷ್ಯನಿಗೆ ಗೊತ್ತಾಗುವ ಎಷ್ಟೋ ದಿನ ಮೊದಲೇ ಅವನ ದನಿಗೆ ಅದು ಗೊತ್ತಾಗಿರುತ್ತದೆ. ಕ್ಷಯದ ದನಿ ಬೇರೆ, ರಕ್ತ ಕಡಿಮೆಯಾದವರ ದನಿ ಬೇರೆ. ಎರಡು ಮಾತುಗಳ ನಡುವೆ ಉಸಿರು ಎಲ್ಲಿ ತಡವರಿಸುತ್ತದೆ ಎಂಬುದನ್ನು ಅಳೆದು ಕಿವಿ ಇದನ್ನೆಲ್ಲ ಹೇಳಬಲ್ಲದಾಗಿತ್ತು. ಅದನ್ನು ಕಟ್ಟಲು ಡಾಕ್ಟರ್ ಪ್ರಹ್ಲಾದ ಕಟ್ಟಿಯವರು ತಮ್ಮ ಪ್ರಾಯವನ್ನೆಲ್ಲ ಕಳೆದಿದ್ದರು.

ಆದರೆ ಮಾತಾಡುವವನೇ ರೋಗಿ ಎಂದು ಅವರು ನಂಬಿದ್ದರು. ಇಲ್ಲಿ ಅತ್ತೆಯ ಮಂಡಿನೋವಿಗೆ ಸೊಸೆ ಫೋನ್ ಮಾಡುತ್ತಿದ್ದಳು, ಸೊಸೆಯ ಬಿಳುಪಿಗೆ ಅತ್ತೆ. ರಕ್ತವಿಲ್ಲದೆ ಸೊರಗಿದ ತಂಗಿಯ ಸಲುವಾಗಿ ಗರಡಿಮನೆಯ ಪೈಲ್ವಾನನೊಬ್ಬ ಮಾತಾಡಿದಾಗ ‘ಎಲ್ಲ ಸರಿಯಾಗಿದೆ, ಚಿಂತೆ ಬೇಡ’ ಎಂದಿತು ಕಿವಿ. ರೋಗಿಗೇ ಫೋನು ಕೊಡಿ ಎಂದರೆ ಹಿಂದಿನಿಂದ ಗೊಣಗಾಟ ಕೇಳಿಸುತ್ತಿತ್ತು: “ನಾ ಏನ ಮಾತಾಡ್ಲಿ? ನೀನ ಹೇಳ.” ಇನ್ನು ಕೆಲವರು ತಮ್ಮ ನೋವನ್ನೇ ‘ನಮ್ಮ ಓಣ್ಯಾಗ ಒಬ್ಬಾಕಿಗೆ’ ಎಂದು ದಾಟಿಸಿ ಹೇಳುತ್ತಿದ್ದರು.

ಕಡೆಗೆ ಒಂದು ಏರ್ಪಾಟಾಯಿತು. ಫೋನ್ ಮಾಡಿದವರು ಬೇರೆಯವರ ಸಲುವಾಗಿ ಮಾಡಿದ್ದರೆ ಕಿವಿಯ ಅಭಿಪ್ರಾಯವನ್ನು ಪಕ್ಕಕ್ಕೆ ಇಡುವುದು. ಆದರೂ ಕೇಳಿಸಿದ್ದು ಕೇಳಿಸಿಯೇ ಇರುತ್ತಿತ್ತು. ಮಾತಾಡುವವರ ದನಿಯಲ್ಲೇ ಏನಾದರೂ ಅಡಗಿದ್ದರೆ ನರ್ಸಿನ ಪರದೆಯ ಮೂಲೆಯಲ್ಲಿ ಹಳದಿ ದೀಪವೊಂದು ಹತ್ತುತ್ತಿತ್ತು, ಕೆಳಗೆ ಕಾರಣ. ಮೊದಮೊದಲು ಅದನ್ನು ಹೇಳಿಬಿಡುತ್ತಿದ್ದರು. ಸೊಸೆಯ ಬಸಿರಿನ ಬಗ್ಗೆ ಕೇಳಲು ಫೋನ್ ಮಾಡಿದ ಒಬ್ಬ ಮುದುಕನಿಗೆ ‘ನಿಮ್ಮ ಎದೆಯೊಳಗೆ ಏನೋ ಇದೆ’ ಎಂದಾಗ ಆತ ಫೋನು ಕೆಳಗಿಟ್ಟವನು ಮತ್ತೆ ಎತ್ತಲಿಲ್ಲ. ಅವನ ಊರಿಗೆ ಊರೇ ಎತ್ತಲಿಲ್ಲ. ‘ಅಲ್ಲಿಗೆ ಫೋನ್ ಮಾಡಿದ್ರ ಇಲ್ಲದ ಬ್ಯಾನಿ ಹಚ್ಚಿ ಕಳಸ್ತಾರ’ ಎಂಬ ಮಾತು ಸುತ್ತಲ ಹಳ್ಳಿಗಳಲ್ಲಿ ಹಬ್ಬಿತು. ಆ ಸೊಸೆಯ ಗತಿ ಏನಾಯಿತೋ ತಿಳಿಯಲಿಲ್ಲ. ಅಂದಿನಿಂದ ಫೋನ್ ಮಾಡಿದವರು ಕೇಳದೆ ಇದ್ದದ್ದನ್ನು ಹೇಳಬಾರದು ಎಂಬುದು ಕುಶಲದ ಕಟ್ಟಳೆ.

ಕಸ್ತೂರಿ ಬಡಿಗೇರ ಆ ಕಟ್ಟಳೆಯನ್ನು ಒಪ್ಪಿಕೊಂಡವಳೇ. ಆಸ್ಪತ್ರೆಯ ಗದ್ದಲ ಸಾಕಾಗಿ ಈ ಕೆಲಸಕ್ಕೆ ಬಂದವಳು ಅವಳು. ಫೋನಿನಲ್ಲಿ ಮಾತಿಗಿಂತ ಮಾತು ನಿಂತ ಜಾಗವೇ ಅವಳಿಗೆ ಹೆಚ್ಚು ಕೇಳಿಸುತ್ತಿತ್ತು. ಬೇರೆ ನರ್ಸುಗಳು ‘ಹಲೋ, ಹಲೋ’ ಎಂದು ತುಂಬಿಬಿಡುತ್ತಿದ್ದ ಖಾಲಿಯನ್ನು ಅವಳು ಹಾಗೇ ಬಿಟ್ಟು ಕಾಯುತ್ತಿದ್ದಳು. ನಿಂಬೆವ್ವನ ಹಳದಿ ದೀಪ ಹತ್ತುವವರೆಗೂ ಕಾಯುವುದೊಂದೇ ತನ್ನ ಕೆಲಸ ಎಂದುಕೊಂಡಿದ್ದಳು.

ನಿಂಬೆವ್ವ ಮುಂಡರಗಿಯ ಬಳಿಯ ಹಳ್ಳಿಯವಳು. ಖಾನಾವಳಿಗಳಿಗೆ ಜೋಳದ ರೊಟ್ಟಿ ಬಡಿದು ಕೊಡುವುದು ಅವಳ ಕಸುಬು. ಗಂಡ ದುರಗಪ್ಪ ಟ್ರ್ಯಾಕ್ಟರ್ ಓಡಿಸುತ್ತಿದ್ದವನು. ಸಕ್ಕರೆ ಕಾಯಿಲೆಯಲ್ಲಿ ಹಿಮ್ಮಡಿಗೆ ಗಾಯವಾಗಿ, ಅದು ಮಾಯದೆ ಮನೆಯಲ್ಲಿ ಕೂತಿದ್ದ. ಆ ಗಾಯದ ಬಗ್ಗೆ ಕೇಳಲು ನಿಂಬೆವ್ವ ವಾರಕ್ಕೊಮ್ಮೆಯಾದರೂ ಫೋನ್ ಮಾಡುತ್ತಿದ್ದಳು. ಒಲೆಯ ಮುಂದೆ ಫೋನು ನಿಲ್ಲಿಸಿಟ್ಟು ರೊಟ್ಟಿ ಬಡಿಯುತ್ತಲೇ ಮಾತು.

“ಅಕ್ಕಾರ, ಗಾಯದ ಸುತ್ತಲಿನ ಕೆಂಪ ಇಳದೈತ್ರಿ. ಇನ್ನ ಪಟ್ಟಿ ಬಿಚ್ಚಿ ಗಾಳಿಗೆ ಬಿಡ್ಲೇನ್ರಿ?”

“ಬ್ಯಾಡ್ರಿ. ತೊಳದು ಹೊಸಾ ಪಟ್ಟಿ ಕಟ್ರಿ. ಅವರು ಕಾಲ ಊರಿ ಓಡಾಡಾಕತ್ತಾರೇನು?”

“ಓಡಾಡೂದ ಎಲ್ಲಿದ್ರಿ! ಕುಂತಲ್ಲೇ ರಾಜಾ ಆಗ್ಯಾರ. ನೀರ ತಾ, ಚಾ ತಾ. ನಾ ದಾಸಿ ಅದೀನಲ್ಲ.”

ಹಿಂದಿನಿಂದ ಗಂಡಸಿನ ಒಂದು ಕೆಮ್ಮು. ದುರಗಪ್ಪನ ಮಾತನ್ನು ಕಸ್ತೂರಿ ಒಮ್ಮೆಯೂ ಕೇಳಿರಲಿಲ್ಲ.

ದೀಪ ಹತ್ತಿದ್ದು ಆ ದಿನ. ಕೆಳಗೆ ‘ಹೃದಯ’ ಎಂದಿತ್ತು, ‘ತಡ ಮಾಡಬಾರದು’ ಎಂದಿತ್ತು. ಕಸ್ತೂರಿ ರೊಟ್ಟಿಯ ಸದ್ದಿಗೆ ಕಿವಿಗೊಟ್ಟಳು. ಯಂತ್ರಕ್ಕೆ ಆ ಸದ್ದು ಬೇಡವಾಗಿತ್ತು, ಅದನ್ನು ಸೋಸಿ ಚೆಲ್ಲುತ್ತಿತ್ತು. ಕಸ್ತೂರಿಗೆ ಮಾತ್ರ ಅದು ಕೇಳಿಸುತ್ತಲೇ ಇತ್ತು. ಹಿಂದೆಲ್ಲ ಒಂದೇ ಓಘದಲ್ಲಿ ಬರುತ್ತಿದ್ದ ಬಡಿತ ಈಗ ರೊಟ್ಟಿಯ ಅರ್ಧಕ್ಕೇ ನಿಲ್ಲುತ್ತಿತ್ತು. ನಿಂತು, ಒಂದು ಉಸಿರು ತಡೆದು, ಮತ್ತೆ ಶುರುವಾಗುತ್ತಿತ್ತು.

“ನಿಂಬೆವ್ವಾರ, ನಿಮ್ಮ ತಬ್ಯತ್ತ ಹೆಂಗೈತ್ರಿ?”

ಬಡಿತ ನಿಂತಿತು.

“ನನಗೇನ ಆಗೈತ್ರಿ? ಗುಂಡಕಲ್ಲ ಇದ್ದಂಗ ಅದೀನಿ. ನೀವ್ಯಾಕ ಕೇಳಿದ್ರಿ?”

“ಹಿಂಗ ಕೇಳಿದೆ.”

“ನನ್ನ ಸಲುವಾಗಿ ಫೋನ್ ಮಾಡಿಲ್ರಿ ನಾ,” ಎಂದಳು ನಿಂಬೆವ್ವ. ದನಿಯಲ್ಲಿ ಬಾಗಿಲು ಹಾಕಿಕೊಂಡ ಹಾಗಿತ್ತು. ಮುಂದಿನ ವಾರ ಅವಳ ಕರೆ ಬರಲಿಲ್ಲ. ಅದರ ಮುಂದಿನ ವಾರವೂ ಬರಲಿಲ್ಲ.

ಕಸ್ತೂರಿ ಡಾಕ್ಟರ್ ಕಟ್ಟಿಯವರ ಗಾಜಿನ ಕೋಣೆಗೆ ಹೋದಳು. ಅವರು ಅಂದಿನ ದೀಪಗಳನ್ನು ನೋಡುತ್ತ ಕೂತಿದ್ದರು. ಪರದೆಯ ತುಂಬ ಹಳದಿ ಚುಕ್ಕೆಗಳು. ಪ್ರತಿ ಚುಕ್ಕೆಯೂ ಬೇರೆ ಯಾರದೋ ಸಲುವಾಗಿ ಫೋನ್ ಮಾಡಿದ ಒಬ್ಬ ಮನುಷ್ಯ.

ಕಸ್ತೂರಿ ನಡೆದದ್ದನ್ನೆಲ್ಲ ಹೇಳಿದಳು. “ಸರ್, ಆ ಹೆಣ್ಣಮಗಳಿಗೆ ಹೇಳಾಕಬೇಕ್ರಿ.”

“ಹೇಳಿ ಏನಾಗ್ತದ?” ಅವರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. “ನೀವು ಬರೇ ತಬ್ಯತ್ತ ಕೇಳಿದ್ದಕ್ಕ ಆಕಿ ಫೋನ್ ಮಾಡೂದು ಬಿಟ್ಲು. ಈಗ ಗಂಡನ ಗಾಯಾನೂ ಯಾರೂ ನೋಡೋರಿಲ್ಲ. ನೇರ ಹೇಳಿದ್ರ ಊರೇ ನಮ್ಮನ್ನ ಬಿಡ್ತದ. ಒಬ್ಬಾಕಿನ್ನ ಉಳಿಸಾಕ ಹೋಗಿ ನೂರು ಮಂದೀನ ಕಳಕೊಳ್ಳೂದು. ನಾ ಏನು ಲೆಕ್ಕಾ ಹಾಕ್ಲಿ ಹೇಳ್ರಿ?”

ಕಸ್ತೂರಿ ಪರದೆಯ ಚುಕ್ಕೆಗಳತ್ತ ನೋಡಿದಳು.

“ದನಿಯೊಳಗ ರೋಗ ಕೇಳಿಸ್ತದ ಅಂತ ಮೊದಲನೇ ಸಲ ಗೊತ್ತಾದಾಗ ನಾ ಕುಣದಾಡಿದ್ದೆ,” ಎಂದರು ಕಟ್ಟಿ. “ಕೇಳಿಸಿದ್ದನ್ನ ಏನು ಮಾಡಬೇಕು ಅಂತ ಆವಾಗ ವಿಚಾರ ಮಾಡಿರಲಿಲ್ಲ. ಈಗ ದಿನಾ ಇಲ್ಲಿ ಕುಂತು ಈ ಚುಕ್ಕಿ ನೋಡ್ತೀನಿ. ಅಷ್ಟ.”

ಮನೆಗೆ ಬಂದರೂ ಆ ಅರ್ಧಕ್ಕೆ ನಿಂತ ಬಡಿತ ಕಸ್ತೂರಿಯ ಬೆನ್ನು ಬಿಡಲಿಲ್ಲ. ಗಂಡ ಕಪ್ಪತಗುಡ್ಡದ ಗಾಳಿಯಂತ್ರಗಳ ದುರಸ್ತಿಗೆ ಹೋದವನು ವಾರದ ಕಡೆಗೆ ಬರುವವನು. ಮನೆಯಲ್ಲಿ ಇದ್ದವರು ಅವಳು ಮತ್ತು ಅತ್ತೆ ಸಾವಂತ್ರೆವ್ವ. ಕಸ್ತೂರಿ ತಟ್ಟೆಯ ಮುಂದೆ ಕೂತು, ಎರಡು ತುತ್ತು ತಿಂದು, ಕೈ ತೊಳೆದುಕೊಂಡಳು. ಸಾವಂತ್ರೆವ್ವ ಎದ್ದು ಹೋಗಿ ಪಡಸಾಲೆಯ ಕಟ್ಟೆಯ ಮೇಲೆ ಬಂದು ಕೂತಿದ್ದ ಓಣಿಯ ಬೆಕ್ಕಿನ ಮುಂದೆ ಹಾಲು ಇಟ್ಟಳು.

“ನೀನರ ಉಣ್ಣವಾ,” ಎಂದಳು ಬೆಕ್ಕಿಗೆ, ಒಳಗೆ ಕೇಳಿಸುವಷ್ಟು ಗಟ್ಟಿಯಾಗಿ. “ಕೆಲವರ ಮನ್ಯಾಗ ಇರ್ತಾರ, ಊರ ಮಂದಿಗೆಲ್ಲಾ ಗುಳಿಗಿ ಹೇಳ್ತಾರ, ತಾವು ಮಾತ್ರ ಉಪವಾಸ ಮಲಗ್ತಾರ. ಅಂಥವ್ರು ಬಿದ್ದ ಮ್ಯಾಲ ಎತ್ತಾವರು ಯಾರು? ಮುದುಕಿ ನಾ ಎತ್ತಲೇನ? ನನ್ನ ಸೊಂಟ ನನಗ ಎತ್ತಾಕ ಆಗೂದಿಲ್ಲ.”

ಬೆಕ್ಕು ಹಾಲು ಕುಡಿಯಿತು. ಕಸ್ತೂರಿ ಬಾಗಿಲ ಮರೆಯಲ್ಲಿ ನಿಂತಿದ್ದಳು. ಅವಳಿಗೆ ನಗು ಬಂತು. ಮದುವೆಯಾಗಿ ಇಷ್ಟು ವರ್ಷವಾದರೂ ಅತ್ತೆ ಒಂದು ಸಲವೂ ತನ್ನ ಮುಖ ನೋಡಿ ‘ಉಣ್ಣು’ ಎಂದಿರಲಿಲ್ಲ. ಬೆಕ್ಕಿಗೆ ಹೇಳಿದ್ದಳು, ಒಲೆಗೆ ಹೇಳಿದ್ದಳು, ಬೀದಿಯಲ್ಲಿ ಹೋಗುವವರ ಸೊಸೆಯಂದಿರ ಸುದ್ದಿ ತೆಗೆದು ಹೇಳಿದ್ದಳು. ಎದುರಿಗೆ ಹೇಳಿದ್ದರೆ ತಾನು ‘ಹಸಿವಿಲ್ಲ’ ಎಂದು ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತಿದ್ದಳು. ಬೆಕ್ಕಿಗೆ ಹೇಳಿದ ಮಾತಿಗೆ ಇಲ್ಲ ಎನ್ನುವುದು ಹೇಗೆ?

ಅವಳು ಒಳಗೆ ಹೋಗಿ ತಟ್ಟೆಯನ್ನು ಮತ್ತೆ ಮುಂದೆ ಎಳೆದುಕೊಂಡಳು. ಉಣ್ಣುತ್ತಿರುವಾಗ ನಿಂಬೆವ್ವ ನೆನಪಾಗಿ ಕೈ ಒಂದು ಗಳಿಗೆ ತಟ್ಟೆಯಲ್ಲೇ ನಿಂತಿತು.

ನಿಂಬೆವ್ವನ ಕರೆ ಬಂದದ್ದು ಒಂದು ಮಧ್ಯಾಹ್ನ, ಕೋಣೆಯ ಫ್ಯಾನುಗಳೆಲ್ಲ ಬಿಸಿಗಾಳಿ ತಿರುವುತ್ತಿದ್ದಾಗ. ದೀಪ ಕೂಡಲೇ ಹತ್ತಿತು. ರೊಟ್ಟಿಯ ಸದ್ದು ಬಂತು, ನಿಂತಿತು, ಬಂತು.

“ಅಕ್ಕಾರ... ಅವರ ಕಾಲ ಚೊಲೋ ಆಗಾಕತ್ತೈತ್ರಿ. ಆದ್ರ ಹಿಮ್ಮಡಾ... ಪೂರಾ ಒಣಗವಲ್ದು. ಆ ಮುಲಾಮಾ ಇನ್ನೂ ಹಚ್ಚೂದೇನ... ಬಿಡೂದೇನ?”

ಒಂದು ವಾಕ್ಯಕ್ಕೆ ಮೂರು ಕಡೆ ಉಸಿರು. ಕಸ್ತೂರಿ ಮುಲಾಮಿನ ಬಗ್ಗೆ ಹೇಳಿದಳು, ಸಕ್ಕರೆಯ ಗುಳಿಗೆಯ ಬಗ್ಗೆ ಕೇಳಿದಳು. ಕೇಳಬೇಕಾದದ್ದೆಲ್ಲ ಮುಗಿಯಿತು. ಇನ್ನು ನಿಂಬೆವ್ವ ‘ಬರ್ತೀನ್ರಿ’ ಎನ್ನುವವಳು. ಹೆದರಿ ಈಗ ಹೋದರೆ ಇವಳು ಮತ್ತೆ ಬರುವುದಿಲ್ಲ ಎಂದು ಕಸ್ತೂರಿಗೆ ಗೊತ್ತಿತ್ತು. 

“ನಿಂಬೆವ್ವಾರ, ನೀವು ಹಿರೇರು. ನಿಮ್ಮನ್ನ ಒಂದು ಮಾತು ಕೇಳಲೇನ್ರಿ? ನಮ್ಮ ಪೈಕಿ ಒಬ್ಬಾಕಿ ಅದಾಳ್ರಿ. ಎಷ್ಟು ಹೇಳಿದ್ರೂ ಮಾತ ಕೇಳವಲ್ಲಳು.”

“ನನಗೇನ ತಿಳೀತೈತ್ರಿ, ಓದಿದವರಿಗೆ ತಿಳೀದ್ದು!” ಎಂದಳು ನಿಂಬೆವ್ವ. ಆದರೆ ದನಿ ಹತ್ತಿರಕ್ಕೆ ಬಂದಿತ್ತು. “ಏನ ಮಾಡ್ಯಾಳ್ರಿ ಆಕಿ? ಹೇಳ್ರಿ, ಹೇಳ್ರಿ.”

“ಮೈ ಮುರದ ದುಡ್ಯಾಕಿ. ಇತ್ತಿತ್ಲಾಗ ನಾಕು ಹೆಜ್ಜಿ ನಡದ್ರ ದಮ್ಮು ಬರ್ತೈತಿ. ಸಂಜಿಗೆ ಪಾದ ಬಾಯ್ತಾವು. ಆಕಿ ದನಿ ಕೇಳಿದವರು, ಇದು ಎದಿ ಕಡಿಂದ ಐತಿ, ಲಗೂನ ತೋರಸ್ರಿ ಅಂದಾರ. ಗುಳಿಗಿ ಶುರು ಮಾಡಿದ್ರ ಹಗೂರ ಆಗ್ತಾಳ. ಹಂಗ ಬಿಟ್ರ ಜೀವಕ್ಕ ಅಪಾಯ.”

“ಮತ್ತ ತೋರಸವಲ್ಲಳ್ಯಾಕ? ಹುಚ್ಚಿ ಏನ್ರಿ ಆಕಿ?” ನಿಂಬೆವ್ವನಿಗೆ ಸಿಟ್ಟೇ ಬಂದಿತ್ತು. “ಬುದ್ಧಿ ಹೇಳ್ರಿ ಆಕಿಗೆ! ಜೀವಾ ಇದ್ರ ಅಲ್ಲೇನು ದುಡಿಯೂದು?”

“ಹೇಳಿದೆ. ಮನ್ಯಾಗ ಗಂಡ ಕುಂತಾನ್ರಿ. ನಾ ದವಾಖಾನಿ ಸೇರಿದ್ರ ಇವರನ್ನ ನೋಡೋರು ಯಾರು ಅಂತಾಳ.”

ಆ ಕಡೆ ಮಾತು ನಿಂತಿತು. ರೊಟ್ಟಿಯ ಸದ್ದೂ ನಿಂತಿತು. ಒಲೆಯಲ್ಲಿ ಕಟ್ಟಿಗೆ ಸಿಡಿದದ್ದು, ಎಲ್ಲೋ ಹೊರಗೆ ಒಂದು ಆಡು ಕೂಗಿದ್ದು, ಇಷ್ಟೇ ಕೇಳಿಸುತ್ತಿದ್ದದ್ದು. ಪರದೆಯ ಮೇಲೆ ಯಂತ್ರ ‘ದನಿ ಇಲ್ಲ, ಕರೆ ಮುಗಿಸಬಹುದು’ ಎಂದು ತೋರಿಸಿತು. ಕಸ್ತೂರಿ ಪರದೆಗೆ ಬೆನ್ನು ಮಾಡಿ ಕೂತಳು. ಅವಳ ಬಾಯಿಗೆ ಒಂದು ‘ಹಲೋ’ ಬಂದು ನಿಂತಿತ್ತು, ಅದನ್ನು ನುಂಗಿಕೊಂಡಳು. ಈ ಖಾಲಿಯೊಳಗೆ ಒಬ್ಬ ಹೆಂಗಸು ತನ್ನ ಸುತ್ತ ತಾನೇ ಒಂದು ಸುತ್ತು ಬಂದು ನೋಡಿಕೊಳ್ಳುತ್ತಿದ್ದಾಳೆ, ಅವಸರ ಮಾಡಬಾರದು.

ಬಹಳ ಹೊತ್ತಿನ ಮೇಲೆ ನಿಂಬೆವ್ವನ ದನಿ ಬಂತು, ತೀರ ಸಣ್ಣಗೆ.

“ಅಕ್ಕಾರ. ಆಕಿ ಅಂಗಾತ ಮಲಗೂದು ಬಿಟ್ಟಾಳ್ರಿ. ಕಂಬಕ್ಕ ಬೆನ್ನ ಕೊಟ್ಟು ಕುಂತ ನಿದ್ದಿ ಮಾಡ್ತಾಳ.”

ಕಸ್ತೂರಿ ದನಿಯನ್ನು ಮಾತ್ರ ಮೊದಲಿದ್ದ ಹಾಗೆಯೇ ಇಟ್ಟುಕೊಂಡಳು.

“ಹೌದೇನ್ರಿ? ಯಾವಾಗಿಂದ?”

“ಹಬ್ಬ ಆದಾಗಿಂದ. ಮಲಗಿದ್ರ ಎದಿ ಮ್ಯಾಲ ಯಾರೋ ಬೀಸುಕಲ್ಲ ಇಟ್ಟಂಗ ಆಗ್ತೈತಂತ.”

“ಯಾರಿಗೂ ಹೇಳಿಲ್ಲೇನ್ರಿ ಆಕಿ?”

“ಹೆಂಗ ಹೇಳ್ತಾಳ್ರಿ? ಬಾಯಿ ಬಿಟ್ಟ ಹೇಳಿದ್ರ ಅದು ಖರೇ ಆಗ್ತೈತಲ್ರಿ.”

 ಮತ್ತೆ ನಿಂಬೆವ್ವನೇ ಮಾತು ತೆಗೆದಳು. “ಆ ಗುಳಿಗಿ... ನುಂಗಿದ್ರ ಆಕಿ ಮತ್ತ ರೊಟ್ಟಿ ಬಡೀಬಹುದೇನ್ರಿ?”

“ಸ್ವಲ್ಪ ದಿನಾ ತಡದು. ಬಡೀಬಹುದು.”

“ಆದ್ರ ಆ ಗಂಡಗ...” ಎಂದು ನಿಂಬೆವ್ವ ಶುರು ಮಾಡುತ್ತಿದ್ದಂತೆ ಆ ಕಡೆ ಏನೋ ಎಳೆದಾಡಿದ ಸದ್ದಾಯಿತು, ಪಾತ್ರೆಯೊಂದು ಉರುಳಿತು. ಫೋನಿನಲ್ಲಿ ದಪ್ಪನೆಯ, ಬಳಸದೆ ಜಂಗು ಹಿಡಿದಂಥ ಗಂಡುದನಿ ಬಂತು.

“ಅಕ್ಕಾರ, ನಾ ದುರಗಪ್ಪರಿ. ಆಕೀನ ಯಾವ ದವಾಖಾನಿಗೆ ಕರಕೊಂಡ ಹೋಗಬೇಕ್ರಿ?”

ಹಿಂದಿನಿಂದ ನಿಂಬೆವ್ವ: “ನಿಮ್ಮ ಕಾಲ್ರಿ! ಎದ್ದ ಬಂದೀರಲ್ಲ, ಕಾಲ ಊರಬ್ಯಾಡ್ರಿ ಅಂದಾರ—”

“ಕಾಲ ನಂದೈತಿ. ನಾ ತೊಳಕೋತೀನಿ. ನೀ ಸುಮ್ಮಕಿರು,” ಎಂದ ದುರಗಪ್ಪ. ದನಿ ಮತ್ತೆ ಫೋನಿನ ಹತ್ತಿರ ಬಂತು. “ನಾ ಎಲ್ಲಾ ಕೇಳಿಸಿಕೊಂಡ ಕುಂತಿದ್ದೆರಿ. ಕಂಬಕ್ಕ ಆನಿಕಿ ಕುಂತದ್ದನ್ನ ದಿನಾ ನೋಡ್ತಿದ್ದೆ. ದಣದಾಳ ಅನ್ಕೊಂಡೆ. ಈಗ ಹೇಳ್ರಿ, ಎಲ್ಲಿಗೆ ಹೋಗೂಣು?”

ಕಸ್ತೂರಿ ಹೇಳಿದಳು. ತಾಲೂಕು ದವಾಖಾನೆಯ ಡಾಕ್ಟರಿಗೆ ಆಗಲೇ ಸುದ್ದಿ ಮುಟ್ಟಿಸಿದಳು. ಊರಿನ ಆಶಾ ಕಾರ್ಯಕರ್ತೆಗೆ ಫೋನ್ ಮಾಡಿ ಗಾಡಿ ಮಾಡಿಸಿದಳು, ದುರಗಪ್ಪನ ಪಟ್ಟಿ ಕಟ್ಟಲು ದಿನಾ ಬಂದು ಹೋಗುವಂತೆ ಒಪ್ಪಿಸಿದಳು. ಎಲ್ಲ ಮುಗಿಸಿ ಕಿವಿಯಿಂದ ಫೋನು ತೆಗೆದಾಗ ಹಿಂದೆ ಕಟ್ಟಿ ಡಾಕ್ಟರು ನಿಂತಿದ್ದರು.

“ನಿಮ್ಮ ಪೈಕಿ ಅಂಥಾಕಿ ಯಾರದಾರ?”

“ಯಾರೂ ಇಲ್ರಿ ಸರ್. ಸುಳ್ಳ ಹೇಳಿದೆ.”

ಅವರು ಬಯ್ಯುತ್ತಾರೆ ಎಂದುಕೊಂಡಳು. ಅವರು ಪಕ್ಕದ ಖಾಲಿ ಕುರ್ಚಿ ಎಳೆದುಕೊಂಡು ಕೂತರು. “ಎಲ್ಲಾರಿಗೂ ಇದು ತಾಗೂದಿಲ್ಲ,” ಎಂದರು. “ಕೆಲವರು ಖರೇ ನಿಮ್ಮ ಪೈಕಿಯವರಿಗೇ ಅಂತ ತಿಳಕೊಂಡು ಬುದ್ಧಿ ಹೇಳಿ ಫೋನು ಇಡ್ತಾರ.”

“ಇಡಬಹುದ್ರಿ. ಮತ್ತೊಂದು ವಾರ ಮತ್ತೊಬ್ಬಾಕಿ ಸುದ್ದಿ ತಗೀಬೇಕು.”

ಕಟ್ಟಿಯವರು ಮೊದಲ ಸಲ ನಕ್ಕರು. “ಇದನ್ನ ಯಂತ್ರಕ್ಕ ಕಲಿಸಬೇಕಂದ್ರ ನನಗ ಇನ್ನೊಂದು ಜನ್ಮ ಬೇಕು. ಅಲ್ಲೀತನಾ ನೀವೇ ಮಾಡ್ರಿ. ದೀಪ ಹತ್ತಿದ ಫೋನು ಲಗೂ ಮುಗಸ್ರಿ ಅಂತ ಯಾರೂ ನಿಮ್ಮ ಬೆನ್ನ ಹತ್ತೂದಿಲ್ಲ. ಉಳಿದ ನರ್ಸುಗಳಿಗೂ ಹೇಳಿಕೊಡ್ರಿ.” ಏಳುವ ಮುನ್ನ ಅವರು ಅವಳ ಪರದೆಯ ಮೇಲೆ ಇನ್ನೂ ಉಳಿದಿದ್ದ ‘ಕರೆ ಮುಗಿಸಬಹುದು’ ಎಂಬ ಸಾಲನ್ನು ನೋಡಿದರು. “ಈ ಮಾತನ್ನಂತೂ ನಾಳೆನೇ ತಗಸ್ತೀನಿ,” ಎಂದರು.

ರಜೆಯ ದಿನ ಕಸ್ತೂರಿ ಮುಂಡರಗಿಯ ಬಸ್ಸು ಹತ್ತಿದಳು. ಹೋಗಬೇಕೆಂಬ ನಿಯಮವಿರಲಿಲ್ಲ, ಹೋಗಬಾರದೆಂಬ ನಿಯಮವೂ ಇರಲಿಲ್ಲ. ದವಾಖಾನೆಯ ಹೆಂಗಸರ ವಾರ್ಡಿನ ಬಾಗಿಲಲ್ಲಿ ನಿಂತಾಗ ತಾನು ಹುಡುಕುತ್ತಿರುವುದು ಮುಖವೇ ಗೊತ್ತಿಲ್ಲದ ಒಬ್ಬಳನ್ನು ಎಂಬುದು ಅವಳಿಗೆ ಹೊಳೆಯಿತು. ಸಾಲು ಮಂಚಗಳು, ಊಟದ ಡಬ್ಬಿಗಳು, ಗದ್ದಲ. ಕಿಟಕಿಯ ಬಳಿ ಒಬ್ಬ ಹೆಂಗಸು ಅಂಗಾತ ಮಲಗಿ, ಒಂದೇ ದಿಂಬಿನ ಮೇಲೆ ತಲೆಯಿಟ್ಟು, ಬಾಯಿ ತುಸು ತೆರೆದು ಗಾಢ ನಿದ್ದೆಯಲ್ಲಿದ್ದಳು. ಮಂಚದ ಕೆಳಗೆ ಒಂದು ಕಾಲಿಗೆ ಪಟ್ಟಿ ಕಟ್ಟಿಕೊಂಡ ಗಂಡಸು ಗೋಡೆಗೆ ಒರಗಿ ಕೂತು, ತಟ್ಟೆಯಲ್ಲಿದ್ದ ಗಂಜಿಯನ್ನು ಆರಿಸುತ್ತಿದ್ದ.

ಕಸ್ತೂರಿ ಮಂಚದ ಕಾಲಕಡೆ ನಿಂತಳು. ಎಬ್ಬಿಸಲಿಲ್ಲ. ಹಾಗೆ ನೋಡುತ್ತ ಎಷ್ಟು ಹೊತ್ತಾಯಿತೋ, ನಿಂಬೆವ್ವ ಕಣ್ಣು ಬಿಟ್ಟಳು.

“ಯಾರವಾ ತಂಗಿ? ಯಾರನ್ನ ನೋಡಾಕ ಬಂದೀ?”

“ಹಿಂಗ... ನೋಡಿ ಹೋಗೂಣಂತ ಬಂದೆ,” ಎಂದಳು ಕಸ್ತೂರಿ.

ಅಷ್ಟೇ ಸಾಕಾಯಿತು. ನಿಂಬೆವ್ವ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. “ಅಯ್ಯ ಶಿವನ! ಫೋನಿನ್ಯಾಗ ನಿಮ್ಮ ದನಿ ಎಷ್ಟ ದೊಡ್ಡದ ಕೇಳಸ್ತಿತ್ತು! ನಾ ಎಲ್ಲೋ ದಪ್ಪನ್ನ ನರ್ಸ್ ಬಾಯಾರು ಇರಬೇಕು ಅನ್ಕೊಂಡಿದ್ದೆ. ಕಡ್ಡಿ ಇದ್ದಂಗ ಅದೀರಿ, ಉಣ್ಣಾಕ ಹಾಕೂದಿಲ್ಲೇನ ನಿಮ್ಮ ಮನ್ಯಾಗ?”

ಮಂಚದ ಕೆಳಗಿನ ಗಂಡಸು ಗಂಜಿಯ ತಟ್ಟೆ ಕೆಳಗಿಟ್ಟು ಎರಡೂ ಕೈ ಜೋಡಿಸಿದ. ನಿಂಬೆವ್ವ ಕಾಲು ಮಡಿಚಿಕೊಂಡು ಮಂಚದ ಮೇಲೆ ಜಾಗ ಮಾಡಿದಳು. ಪಾದಗಳ ಬಾವು ಇಳಿದು ಚರ್ಮ ಸುಕ್ಕುಸುಕ್ಕಾಗಿತ್ತು.

ಕಸ್ತೂರಿ ಕೂತಳು.  ಆಮೇಲೆ ನಿಂಬೆವ್ವ ಸೆರಗು ಸರಿಮಾಡಿಕೊಂಡು, ಎದ್ದು ನೆಟ್ಟಗೆ ಕೂತು, ಅವಳ ಕೈ ಹಿಡಿದುಕೊಂಡಳು.

“ಡಾಕ್ಟ್ರು ಏನೇನೋ ಅಂದು ಹೋಗ್ತಾರ್ರಿ, ನನಗ ತಿಳಿಯೂದಿಲ್ಲ. ನೀವು ಹೇಳ್ರಿ. ನನ್ನ ಎದಿಗೆ ಏನಾಗೈತಿ?”

ಕಸ್ತೂರಿ ಆ ಕೈಯನ್ನು ಬಿಡದೆ, ಒಂದೊಂದಾಗಿ ಬಿಡಿಸಿ ಹೇಳತೊಡಗಿದಳು.